ಕಾರಿನ ಕೀ ತಿರುಗುತ್ತಿಲ್ಲವೇ? ಇಕ್ಕಳ ಪಕ್ಕಕ್ಕಿಡಿ, ಮೊದಲು ಸ್ಟೇರಿಂಗ್ ಹಿಡಿಯಿರಿ

ಚಿಕ್ಕಬಳ್ಳಾಪುರದ ನಮ್ಮ ಮನೆಯ ಮೇಜಿನ ಡ್ರಾಯರಿನಲ್ಲಿ ಅರ್ಧ ಕೀ ಒಂದಿದೆ. ಇನ್ನರ್ಧ ನಂದಿ ಗ್ರಾಮದಲ್ಲಿ ಕಾರಿನ ಬೀಗದೊಳಗೇ ಉಳಿದಿತ್ತು. ಭೋಗನಂದೀಶ್ವರನ ದರ್ಶನ ಮುಗಿಸಿ ಬಂದು ಕಾರು ಹತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅತ್ತೆ, ಮಾವ, ತೊಡೆಯ ಮೇಲೆ ಪ್ರಸಾದದ ಕವರು. ಕೀ ಹಾಕಿ ತಿರುಗಿಸಿದೆ, ಅಲ್ಲಾಡಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಅತ್ತೆ ಮಾವನ ಎದುರು ಅವಮಾನವಾದಂತಾಗಿ, ಟೂಲ್ ಕಿಟ್ಟಿನಿಂದ ಇಕ್ಕಳ ತೆಗೆದು ಕೀಯ ತಲೆ ಹಿಡಿದು ತಿರುಚಿದೆ. ಟಕ್ ಅಂತ ಸದ್ದಾಯಿತು. ತಿರುಗಿದ್ದು ಬೀಗವಲ್ಲ.

ಎದುರಿಗೆ ಎಳನೀರು ಕೊಚ್ಚುತ್ತಿದ್ದವರು ಮಚ್ಚು ಕೆಳಗಿಟ್ಟು ಬಂದು ಇಣುಕಿದರು. "ಏನ್ ಸಾರ್, ಸ್ಟೇರಿಂಗ್ ಅಳ್ಳಾಡ್ಸಿ ನೋಡಿದ್ರಾ? ಚಕ್ರ ಕಲ್ಗೆ ಒತ್ಕೊಂಡೈತಲ್ಲ" ಎಂದರು. ನೋಡಿರಲಿಲ್ಲ. ಹತ್ತು ಸೆಕೆಂಡಿನ ಕೆಲಸಕ್ಕೆ ಒಂದು ಕೀ, ಒಂದು ಮಧ್ಯಾಹ್ನ, ಕಾರು ಹೊತ್ತೊಯ್ಯುವ ಲಾರಿಯ ಬಾಡಿಗೆ ಎಲ್ಲ ಹೋಯಿತು. ಆಮೇಲೆ ಕೀ ಮಾಡುವವರ ಹತ್ತಿರ, ಗ್ಯಾರೇಜಿನವರ ಹತ್ತಿರ ಕೂತು ಕೇಳಿ ಕಲಿತದ್ದನ್ನು, ಸ್ವಂತ ಕಾರಿನಲ್ಲಿ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಕೀ ಮುಟ್ಟುವ ಮುಂಚೆ

ಕೀ ತಿರುಗದಿದ್ದರೆ ಪವರ್ ಕಿಟಕಿಯ ಗಾಜು ಇಳಿಯುವುದಿಲ್ಲ, ಎಸಿ ಓಡುವುದಿಲ್ಲ. ಬಿಸಿಲಲ್ಲಿ ನಿಂತಿದ್ದರೆ ಮಕ್ಕಳನ್ನು, ವಯಸ್ಸಾದವರನ್ನು ಇಳಿಸಿ ನೆರಳಿಗೆ ಕಳಿಸಿ, ಬಾಗಿಲು ತೆರೆದಿಡಿ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿದೆಯೇ ನೋಡಿ. ಇಳಿಜಾರಾದರೆ ಚಕ್ರಕ್ಕೊಂದು ಕಲ್ಲು ಕೊಡಿ. ರಸ್ತೆ ಬದಿಯಾದರೆ ನಾಲ್ಕೂ ಇಂಡಿಕೇಟರ್ ಮಿನುಗಿಸುವ ತ್ರಿಕೋನದ ಬಟನ್ ಒತ್ತಿ. ಅದಕ್ಕೆ ಕೀ ಬೇಕಿಲ್ಲ. ಹೈದರಾಬಾದ್ ಕಡೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತುಬಿಟ್ಟಿದ್ದರಂತೂ ಕಾರಿನಲ್ಲಿ ಕೂತು ಪ್ರಯೋಗ ಮಾಡಬೇಡಿ. ತಡೆಗೋಡೆಯ ಆಚೆ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು, ನಗಬೇಡಿ: ಕೈಯಲ್ಲಿರುವುದು ಆ ಕಾರಿನದ್ದೇ ಕೀ ತಾನೇ? ಮನೆಯಲ್ಲಿ ಎರಡು ಗಾಡಿ ಇದ್ದು, ಎರಡರ ಕೀಗೂ ಒಂದೇ ಬಗೆಯ ಕರಿ ತಲೆ ಇದ್ದರೆ ಇದು ಆಗುತ್ತದೆ. ರಿಮೋಟ್‌ನಿಂದ ಬಾಗಿಲು ತೆರೆದು, ಗೊಂಚಲಿನ ಬೇರೆ ಕೀ ಹಾಕಿ ಗುದ್ದಾಡಿದವರನ್ನೂ ಕಂಡಿದ್ದೇನೆ.

ಹಠ ಹಿಡಿದಿರುವುದು ಯಾರು?

ಕೀ ತಿರುಗುತ್ತಿಲ್ಲ ಎಂದಾಗ ತಕರಾರು ಮೂರು ಕಡೆ ಇರಬಹುದು: ಸ್ಟೇರಿಂಗ್ ಲಾಕ್, ಕೀ, ಅಥವಾ ಕೀ ಹೋಗುವ ಸಿಲಿಂಡರ್. ಯಾವುದೆಂದು ಬೆರಳೇ ಹೇಳುತ್ತದೆ. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೀ ಮೇಲೆ ಇಟ್ಟು, ಬಲ ಹಾಕದೆ ನೋಡಿ.

ಕೀ ಕೊನೆಯವರೆಗೂ ಹೋಗುತ್ತದೆ, ಆದರೆ ಕೂದಲೆಳೆಯಷ್ಟೂ ತಿರುಗುವುದಿಲ್ಲ, ಸ್ಟೇರಿಂಗ್ ಕೂಡ ಕಲ್ಲಿನ ಹಾಗೆ ಬಿಗಿದಿದೆ ಎಂದರೆ ತಪ್ಪು ಬಹುತೇಕ ಸ್ಟೇರಿಂಗ್ ಲಾಕಿನದು. ಸ್ಟೇರಿಂಗ್ ಸಲೀಸಾಗಿ ಆಡುತ್ತಿದೆ, ಆದರೂ ಕೀ ತಿರುಗುವುದಿಲ್ಲ ಎಂದರೆ ಕೀಯ ಹಲ್ಲು ಸವೆದಿದೆ ಅಥವಾ ಸಿಲಿಂಡರಿನೊಳಗೆ ಏನೋ ಸಿಕ್ಕಿಕೊಂಡಿದೆ. ಕೀ ಎರಡು ಮಿಲಿಮೀಟರ್ ಹೊರಗೇ ನಿಲ್ಲುತ್ತದೆ, ಪೂರ್ತಿ ಕೂರುವುದಿಲ್ಲ ಎಂದರೆ ಒಳಗೆ ಕಸ ಇದೆ, ಇಲ್ಲವೇ ಕೀ ಬಾಗಿದೆ.

ಕೀ ತಿರುಗಿ, ಡ್ಯಾಶ್‌ಬೋರ್ಡಿನ ದೀಪ ಹತ್ತಿಯೂ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಅದು ಬೇರೆ ಕಥೆ: ಬ್ಯಾಟರಿ, ಸ್ಟಾರ್ಟರ್ ಮೋಟರ್, ಅಥವಾ ಕೀಯೊಳಗಿನ ಚಿಪ್ ಗುರುತು ಸಿಗದಿದ್ದರೆ ಎಂಜಿನ್ ಓಡಲು ಬಿಡದ ಇಮೊಬಿಲೈಸರ್. ಬ್ಯಾಟರಿ ಡೌನ್ ಆಗಿದ್ದಕ್ಕೆ ಕೀ ತಿರುಗುತ್ತಿಲ್ಲ ಎಂದು ಜಂಪ್ ಸ್ಟಾರ್ಟ್ ಕೇಬಲ್ ಹುಡುಕುತ್ತಾ ಅಲೆಯುವವರಿದ್ದಾರೆ. ನಮ್ಮಲ್ಲಿ ಓಡುವ ಸಾಮಾನ್ಯ ಮ್ಯಾನ್ಯುಯಲ್ ಗೇರ್ ಕಾರುಗಳಲ್ಲಿ ಕೀ ತಿರುಗುವುದು ಲೋಹಕ್ಕೆ ಲೋಹ ಕೂಡುವ ವಿಚಾರ. ಬ್ಯಾಟರಿ ಸತ್ತಿದ್ದರೂ ಕೀ ತಿರುಗಬೇಕು.

ಕೀ ಅರ್ಧ ತಿರುಗಿ ಆನ್ ತನಕ ಬಂದು, ಸ್ಟಾರ್ಟ್‌ಗೆ ಹೋಗದೆ ಗಟ್ಟಿಯಾಗಿ ನಿಂತರೆ ಒಮ್ಮೆ ಪೂರ್ತಿ ಹಿಂದಕ್ಕೆ, ಆಫ್‌ಗೆ ತಂದು ಮತ್ತೆ ತಿರುಗಿಸಿ. ಎಂಜಿನ್ ಓಡುತ್ತಿರುವಾಗ ಯಾರೂ ಸ್ಟಾರ್ಟರ್ ಎಳೆಯಬಾರದೆಂದು ಕೆಲವು ಕಾರುಗಳಲ್ಲಿ ಹೀಗೊಂದು ತಡೆ ಇಟ್ಟಿರುತ್ತಾರೆ. ಟ್ರಾಫಿಕ್ಕಿನಲ್ಲಿ ಬಂದ್ ಬಿದ್ದಾಗ ಗಾಬರಿಯಲ್ಲಿ ಆನ್‌ನಿಂದಲೇ ಮತ್ತೆ ತಿರುಗಿಸಿ, ಕೀ ಕೆಟ್ಟಿತು ಎಂದುಕೊಳ್ಳುತ್ತೇವೆ.

ಸ್ಟೇರಿಂಗ್ ಲಾಕ್ ಬಿಡಿಸುವುದು

ಒಳಗೆ ಏನಿದೆ ಎಂದು ತಿಳಿದರೆ ಕೈಗೆ ತಾನಾಗಿ ತಾಳ್ಮೆ ಬರುತ್ತದೆ. ಕೀ ಬೀಗದ ಬೆನ್ನಿಗೇ ಬೆರಳು ಗಾತ್ರದ ಒಂದು ಉಕ್ಕಿನ ಗೂಟವಿದೆ, ಅದರ ಹಿಂದೆ ಸ್ಪ್ರಿಂಗ್. ಕೀ ಹೊರತೆಗೆದು ಸ್ಟೇರಿಂಗ್ ಕೊಂಚ ತಿರುಗಿಸಿದರೆ ಗೂಟ ಸ್ಟೇರಿಂಗ್ ದಂಡದ ಕಚ್ಚಿನೊಳಗೆ ಟಕ್ಕನೆ ಇಳಿಯುತ್ತದೆ. ಕಳ್ಳ ಹೇಗೋ ವೈರ್ ಸೇರಿಸಿ ಎಂಜಿನ್ ಸ್ಟಾರ್ಟ್ ಮಾಡಿದರೂ ತಿರುವಿನಲ್ಲಿ ತಿರುಗಿಸಲಾರ. ಅಮೆರಿಕದಲ್ಲಿ ಇಂಥ ಕಳ್ಳತನ ತಡೆಯುವ ನಿಯಮ ಬಂದದ್ದು 1970ರಲ್ಲಿ. ಸ್ಟೇರಿಂಗ್ ಲಾಕ್ ಎಲ್ಲ ಕಡೆ ಮಾಮೂಲಾಗಿದ್ದು ಹೆಚ್ಚುಕಡಿಮೆ ಆ ಕಾಲದಿಂದ.

ಕೀ ತಿರುಗಿಸಿದಾಗ ಆ ಗೂಟ ಕಚ್ಚಿನಿಂದ ಹಿಂದೆ ಸರಿಯಬೇಕು. ಈಗ ಮುಂದಿನ ಚಕ್ರ ಕಲ್ಲಿಗೋ ಫುಟ್‌ಪಾತಿನ ಅಂಚಿಗೋ ಒತ್ತಿಕೊಂಡಿದೆ ಅನ್ನಿ. ತಿರುಚಿಕೊಂಡ ಟಯರು ನೆಟ್ಟಗಾಗಲು ನೋಡುತ್ತಾ ಸ್ಟೇರಿಂಗ್ ದಂಡವನ್ನು ಒಂದು ಪಕ್ಕಕ್ಕೆ ನೂಕುತ್ತಲೇ ಇರುತ್ತದೆ. ಕಚ್ಚಿನ ಗೋಡೆ ಗೂಟವನ್ನು ಅದುಮಿ ಹಿಡಿಯುತ್ತದೆ. ಮೈಯೆಲ್ಲ ಭಾರ ಹಾಕಿ ಬಾಗಿಲು ಒತ್ತಿ ನಿಂತವರನ್ನು ಸರಿಸದೆ ಚಿಲಕ ಎಳೆದ ಹಾಗೆ. ಎರಡು ಬೆರಳಲ್ಲಿ ಹಿಡಿದ ಕೀಗೆ ಆ ಒತ್ತಡ ಗೆಲ್ಲುವ ಶಕ್ತಿ ಇಲ್ಲ. ಇಕ್ಕಳಕ್ಕೆ ಶಕ್ತಿ ಇದೆ, ಆದರೆ ಅಷ್ಟನ್ನು ತಡೆಯುವ ಶಕ್ತಿ ಕೀಗಿಲ್ಲ. ನನ್ನ ಡ್ರಾಯರಿನಲ್ಲಿರುವುದು ಅದಕ್ಕೆ ಸಾಕ್ಷಿ.

ಆದ್ದರಿಂದ ಹೀಗೆ ಮಾಡಿ:

1. ಕೀ ಪೂರ್ತಿ ಒಳಗೆ ಹಾಕಿ. ಇನ್ನೂ ತಿರುಗಿಸಬೇಡಿ.

2. ಸ್ಟೇರಿಂಗನ್ನು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಮೆಲ್ಲಗೆ ಆಡಿಸಿ. ಒಂದು ಕಡೆ ಗೋಡೆಗೆ ತಾಗಿದಂತೆ ಗಟ್ಟಿಯಾಗಿ ನಿಲ್ಲುತ್ತದೆ. ಇನ್ನೊಂದು ಕಡೆ ಚೂರು ಜಗ್ಗುತ್ತದೆ, ಸ್ಪ್ರಿಂಗಿನಂತೆ ವಾಪಸು ಬರುತ್ತದೆ. ಜಗ್ಗುವ ಆ ಕಡೆಯೇ ನಿಮ್ಮ ದಾರಿ.

3. ಎಡಗೈಯಿಂದ ಸ್ಟೇರಿಂಗನ್ನು ಆ ಕಡೆ ಎಳೆದು ಹಿಡಿದೇ ಇರಿ. ಪೂರ್ತಿ ಜಗ್ಗಿ ಇನ್ನೊಂದು ಗೋಡೆಗೆ ತಾಗಿಸಿದರೆ ಗೂಟ ಆ ಪಕ್ಕ ಸಿಕ್ಕಿಕೊಳ್ಳುತ್ತದೆ, ನಡುವೆಲ್ಲೋ ನಿಲ್ಲಬೇಕು. ಹಿಡಿದುಕೊಂಡೇ ಬಲಗೈಯಿಂದ ಕೀ ತಿರುಗಿಸಿ. ನಿಮಗೆ ಬೇಕಾದದ್ದು ಕಚ್ಚಿನ ಎರಡೂ ಗೋಡೆ ಗೂಟವನ್ನು ಬಿಟ್ಟಿರುವ ಒಂದು ಕ್ಷಣ.

4. ಸಿಗದಿದ್ದರೆ ಸ್ಟೇರಿಂಗನ್ನು ನಿಧಾನಕ್ಕೆ ಅತ್ತಿತ್ತ ತೂಗುತ್ತಾ, ಕೀ ಮೇಲೆ ಹಗುರವಾದ ಒತ್ತಡ ಇಟ್ಟುಕೊಂಡಿರಿ. ನಡುವೆ ಒಂದು ಸಲ ತಾನಾಗಿ ಬಿಟ್ಟುಕೊಡುತ್ತದೆ.

ಎಂಜಿನ್ ಆಫ್ ಆಗಿರುವಾಗ ಪವರ್ ಸ್ಟೇರಿಂಗ್ ಕೂಡ ಗಡುಸೇ. ಒಂದು ಕೈಗೆ ಆಗದಿದ್ದರೆ ನೀವು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಪಕ್ಕದವರಿಗೆ ಕೀ ತಿರುಗಿಸಲು ಹೇಳಿ. ಮನೆಯವರೊಡನೆ ಇದನ್ನು ಮಾಡುವಾಗ "ಈಗ, ಈಗ" ಎನ್ನುವ ಜಗಳ ಖಚಿತ, ಆದರೆ ಕೆಲಸ ಆಗುತ್ತದೆ.

ಇಷ್ಟಕ್ಕೂ ಬಿಡದಿದ್ದರೆ, ಚಕ್ರ ಭಾರೀ ಒತ್ತಿಕೊಂಡಿದೆ ಎಂದರ್ಥ. ಸಮತಟ್ಟು ಜಾಗದಲ್ಲಿ ಮಾತ್ರ, ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಇಳಿಸಿ, ಬ್ರೇಕಿನ ಮೇಲೆ ಕಾಲು ಸಿದ್ಧವಾಗಿಟ್ಟು, ಇಬ್ಬರಿಂದ ಕಾರನ್ನು ಒಂದು ಗೇಣು ಹಿಂದೆ ನೂಕಿಸಿ. ಟಯರಿನ ತಿರುಚು ಸಡಿಲವಾಗುತ್ತದೆ. ಇಳಿಜಾರಿನಲ್ಲಿ ಈ ಸಾಹಸ ಬೇಡವೇ ಬೇಡ. ಸ್ಟೇರಿಂಗ್ ಲಾಕ್ ಆಗಿರುವ ಕಾರು ಉರುಳಿದರೆ ಅದು ಹೋದದ್ದೇ ದಾರಿ.

ಇದನ್ನು ಓದಿ, ಇನ್ನು ಮುಂದೆ ಚಕ್ರ ತಿರುಗಿಸಿ ನಿಲ್ಲಿಸಬಾರದು ಎಂದುಕೊಳ್ಳಬೇಡಿ. ನಂದಿಬೆಟ್ಟದ ರಸ್ತೆಯಂಥ ಇಳಿಜಾರಿನಲ್ಲಿ ಕಾರಿನ ಮುಖ ಕೆಳಗಿದ್ದಾಗ ಮುಂದಿನ ಚಕ್ರವನ್ನು ಅಂಚಿನ ಕಡೆಗೆ ತಿರುಗಿಸಿ ನಿಲ್ಲಿಸುವುದೇ ಸರಿ. ಬ್ರೇಕ್ ಜಾರಿದರೂ ಕಾರು ಅಂಚಿಗೆ ತಗುಲಿ ನಿಲ್ಲುತ್ತದೆ. ವಾಪಸು ಬಂದಾಗ ಕೀ ಬಿಗಿದಿದ್ದರೆ ಮೇಲಿನ ಉಪಾಯ ಇದೆಯಲ್ಲ.

ಕೀಯೇ ಸವೆದಿದ್ದರೆ

ವಿಶ್ವೇಶ್ವರಯ್ಯನವರು ಇಲ್ಲೇ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವರ್ಷವೆಂದು ನಾವೆಲ್ಲ ಶಾಲೆಯಲ್ಲಿ ಓದಿದ 1861ರಲ್ಲಿಯೇ ಅಮೆರಿಕದ ಲೈನಸ್ ಯೇಲ್ ಚಪ್ಪಟೆ ಕೀಯ ಪಿನ್ ಬೀಗಕ್ಕೆ ಪೇಟೆಂಟ್ ಪಡೆದ. ಮನೆಯ ಬಾಗಿಲಿನ ಬೀಗಗಳು ಇವತ್ತಿಗೂ ಆ ವಂಶದವು. ಕಾರಿನ ಬೀಗ ಅದರ ದಾಯಾದಿ. ಇದರಲ್ಲಿ ಪಿನ್ನಿನ ಬದಲು ಹಿತ್ತಾಳೆಯ ತೆಳು ಬಿಲ್ಲೆಗಳು ಸಾಲಾಗಿ ಕೂತಿರುತ್ತವೆ. ಕೀ ಹಾಕಿದಾಗ ಅದರ ಒಂದೊಂದು ಹಲ್ಲು ಒಂದೊಂದು ಬಿಲ್ಲೆಯನ್ನು ಲೆಕ್ಕದ ಎತ್ತರಕ್ಕೆ ತರುತ್ತದೆ. ಎಲ್ಲ ಬಿಲ್ಲೆಗಳೂ ಒಂದೇ ಮಟ್ಟಕ್ಕೆ ಬಂದರೆ ಸಿಲಿಂಡರ್ ತಿರುಗುತ್ತದೆ. ಒಂದೇ ಒಂದು ಬಿಲ್ಲೆ ಕೂದಲಷ್ಟು ಮೇಲೋ ಕೆಳಗೋ ಉಳಿದರೂ ತಿರುಗುವುದಿಲ್ಲ.

ಹತ್ತು ಹನ್ನೆರಡು ವರ್ಷ ದಿನಕ್ಕೆ ನಾಲ್ಕೈದು ಸಲ ಹಾಕಿ ತೆಗೆದ ಕೀಯ ಹಲ್ಲುಗಳ ಅಂಚು, ಬಾಯಲ್ಲಿಟ್ಟು ಚೀಪಿದ ಕಲ್ಲುಸಕ್ಕರೆಯ ಹಾಗೆ ದುಂಡಗಾಗುತ್ತದೆ. ಪರೀಕ್ಷೆ ಸುಲಭ: ಮನೆಯ ಬೀರುವಿನಲ್ಲಿ ಕೂತಿರುವ ಎರಡನೇ ಕೀ ತನ್ನಿ. ಎರಡನ್ನೂ ಒಂದೇ ದಿಕ್ಕಿಗೆ ಒಂದರ ಮೇಲೊಂದು ಕೂಡಿಸಿ ಬೆಳಕಿಗೆ ಹಿಡಿದು ನೋಡಿ. ಹಲ್ಲುಗಳ ತುದಿ ಒಂದರ ಹಿಂದೆ ಇನ್ನೊಂದು ಮರೆಯಾಗಬೇಕು. ಹಳೆಯದರ ತುದಿ ಒಳಗೆ ಹೋಗಿದ್ದರೆ ಸವೆದಿದೆ. ಆಮೇಲೆ ಎರಡನೇ ಕೀ ಹಾಕಿ ತಿರುಗಿಸಿ. ಅದು ಬೆಣ್ಣೆಯಂತೆ ತಿರುಗಿದರೆ ಬೀಗ ಸರಿಯಿದೆ, ಹಳೇ ಕೀಗೆ ನಿವೃತ್ತಿ ಕೊಡಿ. ಎರಡೂ ತಿರುಗದಿದ್ದರೆ ಸಿಲಿಂಡರಿನ ಕಡೆ ಅನುಮಾನ ತಿರುಗುತ್ತದೆ.

ಚಾಲಕನ ಬಾಗಿಲಿಗೆ ಕೀ ಹಾಕಿ ನೋಡುವುದೂ ಒಂದು ಪರೀಕ್ಷೆಯೇ, ಆದರೆ ಅರ್ಧ ನಂಬಿ. ರಿಮೋಟ್ ಬಂದ ಮೇಲೆ ಬಾಗಿಲಿನ ಬೀಗಕ್ಕೆ ಕೀ ಹಾಕುವವರೇ ಇಲ್ಲವಾಗಿ ಅದು ಸವೆದಿರುವುದಿಲ್ಲ. ಜೊತೆಗೆ ಎಷ್ಟೋ ಕಾರುಗಳಲ್ಲಿ ಬಾಗಿಲಿನ ಬೀಗ ಕೀಯ ಎಲ್ಲ ಹಲ್ಲುಗಳನ್ನೂ ಓದುವುದಿಲ್ಲ. ಬಾಗಿಲು ತೆರೆದ ಮಾತ್ರಕ್ಕೆ ಕೀ ನಿರಪರಾಧಿ ಎನ್ನಲಾಗದು.

ರಸ್ತೆಯಲ್ಲಿದ್ದೀರಿ, ಎರಡನೇ ಕೀ ಮನೆಯಲ್ಲಿದೆ. ಆಗ ಕೀ ಪೂರ್ತಿ ಹಾಕಿ, ಒಂದು ಮಿಲಿಮೀಟರಿನಷ್ಟು ಹೊರಕ್ಕೆಳೆದು ತಿರುಗಿಸಲು ನೋಡಿ. ಆಗದಿದ್ದರೆ ಮೆಲ್ಲಗೆ ಮೇಲಕ್ಕೆ ಒತ್ತಿ, ಆಮೇಲೆ ಕೆಳಕ್ಕೆ ಒತ್ತಿ. ಸವೆದ ಹಲ್ಲಿನ ಇಳಿಜಾರು ಬಿಲ್ಲೆಯನ್ನು ಒಮ್ಮೊಮ್ಮೆ ಸರಿಯಾದ ಮಟ್ಟಕ್ಕೆ ಎತ್ತಿಬಿಡುತ್ತದೆ. ಹೀಗೆ ಸ್ಟಾರ್ಟ್ ಆದರೆ ಎಲ್ಲೂ ನಿಲ್ಲಿಸದೆ ಮನೆಗೆ ಹೋಗಿ. "ಸ್ವಲ್ಪ ಎಳೆದು ತಿರುಗಿಸಿದರೆ ಆಗುತ್ತೆ" ಎಂದು ಅದೇ ಕೀಯಲ್ಲಿ ಎರಡು ವರ್ಷ ತಳ್ಳಿದವರ ಸಿಲಿಂಡರ್ ಕೂಡ ಕೀಯ ಜೊತೆಗೇ ಸವೆದುಹೋಗುತ್ತದೆ.

ಕೀ ಬಾಗಿದ್ದರೆ, ಗಾಜಿನ ಮೇಲೆ ಮಲಗಿಸಿ ನೋಡಿದಾಗ ಅಡಿಯಲ್ಲಿ ಬೆಳಕು ಕಾಣುತ್ತದೆ. ಎರಡು ಮರದ ತುಂಡಿನ ನಡುವೆ ಇಟ್ಟು ಹಗುರಾಗಿ ತಟ್ಟಿ ನೆಟ್ಟಗೆ ಮಾಡಬಹುದು. ಆದರೆ ಬಾಗಿ ನೆಟ್ಟಗಾದ ಲೋಹ ಅಲ್ಲೇ ಬಿರುಕು ಬಿಡುವ ಜಾಗ. ಹೊಸ ಕೀ ಕತ್ತರಿಸಲು ಮಾದರಿಯಾಗಿ ಬಳಸಿ, ಓಡಾಟಕ್ಕೆ ಬೇಡ.

ಈಗ ಡೂಪ್ಲಿಕೇಟ್ ವಿಚಾರ. ಬಸ್ ಸ್ಟ್ಯಾಂಡ್ ಹತ್ತಿರ, ಬಿ.ಬಿ. ರಸ್ತೆಯ ಆಸುಪಾಸಿನಲ್ಲಿ ಮೆಷಿನ್ ಇಟ್ಟುಕೊಂಡು ಕೂತವರು ಒಳ್ಳೆ ಕೆಲಸಗಾರರೇ. ಅವರ ಮೆಷಿನ್ ಮಾತ್ರ ಎದುರಿಗಿಟ್ಟ ಕೀಯನ್ನು ಇದ್ದಂತೆ ನಕಲು ಮಾಡುತ್ತದೆ, ಸವೆತವನ್ನೂ ಬಿಡದೆ. ಸವೆದ ಕೀ ಕೊಟ್ಟರೆ ಹುಟ್ಟುವಾಗಲೇ ಮುದುಕನಾದ ಕೀ ಸಿಗುತ್ತದೆ. ಡೂಪ್ಲಿಕೇಟಿನ ಡೂಪ್ಲಿಕೇಟ್ ಅಂತೂ ಇನ್ನೂ ಕಡೆ. ನಕಲು ಮಾಡಿಸುವುದಾದರೆ ಬೀರುವಿನಲ್ಲಿರುವ ಬಳಸದ ಕೀ ಕೊಡಿ. ಅದಕ್ಕಿಂತ ಒಳ್ಳೆಯದು, ಕಾರು ಕೊಂಡಾಗ ಕೀ ಜೊತೆ ಕೊಟ್ಟಿದ್ದ ಸಣ್ಣ ಬಿಲ್ಲೆಯ ಮೇಲಿನ ನಂಬರು. ಆ ಕೀ ನಂಬರಿನಿಂದ ಕಂಪನಿ ಡೀಲರು ಮೂಲ ಅಳತೆಗೆ ಹೊಸ ಕೀ ಕತ್ತರಿಸಿ ತರಿಸಿಕೊಡುತ್ತಾರೆ. ಆರ್‌ಸಿ ಮತ್ತು ಗುರುತಿನ ಚೀಟಿ ಕೇಳುತ್ತಾರೆ, ಕೇಳಲೇಬೇಕು. ಆ ಬಿಲ್ಲೆಯನ್ನು ಕೀ ಗೊಂಚಲಿನಲ್ಲೇ ನೇತುಹಾಕಿಕೊಂಡು ತಿರುಗುವವರಿದ್ದಾರೆ. ದಯವಿಟ್ಟು ಈಗಲೇ ಬಿಚ್ಚಿ ಮನೆಯಲ್ಲಿಡಿ; ಆ ನಂಬರು ಸಿಕ್ಕವರಿಗೆ ನಿಮ್ಮ ಕೀ ಸಿಕ್ಕಂತೆಯೇ.

ಚಿಪ್ ಇರುವ ಕೀ ಆದರೆ, ಬರೀ ಲೋಹದ ನಕಲು ಬೀಗ ತಿರುಗಿಸುತ್ತದೆ, ಎಂಜಿನ್ ಮಾತ್ರ ಓಡುವುದಿಲ್ಲ. ಹತ್ತಿದರೂ ಒಂದೆರಡು ಸೆಕೆಂಡಿನಲ್ಲಿ ನಿಂತು, ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ತಕರಾರು ಹಳೇ ಕೀಯದೋ ಬೀಗದ್ದೋ ಎಂದು ತಿಳಿಯಲು ಈ ಅಗ್ಗದ ನಕಲೇ ಸಾಕು.

ನಮ್ಮ ಧೂಳು, ನಮ್ಮ ಬೀಗ

ಜಲ್ಲಿ ಕ್ರಷರ್ ಇರುವ ಕಡೆ ಓಡಾಡುವವರಿಗೆ ಹೇಳಬೇಕಿಲ್ಲ. ಟಿಪ್ಪರ್ ಹಿಂದೆ ಎರಡು ಕಿಲೋಮೀಟರ್ ಹೋದರೆ ಡ್ಯಾಶ್‌ಬೋರ್ಡಿನ ಮೇಲೆ ಹೆಸರು ಬರೆಯಬಹುದು. ಆ ಕಲ್ಲುಪುಡಿ ಜೇಬಿಗೂ ಬರುತ್ತದೆ, ಜೇಬಿನಿಂದ ಕೀಯ ಕಚ್ಚಿಗೆ, ಕೀಯಿಂದ ಬೀಗದೊಳಕ್ಕೆ. ಜೊತೆಗೆ ಬಟ್ಟೆಯ ನೂಲು, ಅಡಿಕೆಪುಡಿ. ಮಕ್ಕಳಿರುವ ಮನೆಯಾದರೆ ಬಿಸ್ಕತ್ತು, ಬಿದಿರು ಕಡ್ಡಿ, ಒಮ್ಮೆ ನಮ್ಮ ಪರಿಚಯದವರ ಕಾರಿನಲ್ಲಿ ಜ್ಯೂಸಿನ ಸ್ಟ್ರಾ ಚೂರು.

ಟಾರ್ಚ್ ಬಿಟ್ಟು ಬೀಗದ ಬಾಯಿ ನೋಡಿ. ಕಾಣುವ ಕಸವಿದ್ದರೆ ಸಣ್ಣ ಚಿಮುಟದಿಂದ ತೆಗೆಯಿರಿ. ಒಳಕ್ಕೆ ನೂಕಬೇಡಿ. ಆಮೇಲೆ ಗಾಳಿ. ಫೋಟೋಗ್ರಾಫರುಗಳು ಕ್ಯಾಮೆರಾಗೆ ಬಳಸುವ ರಬ್ಬರ್ ಬ್ಲೋವರ್ ಸಾಕು. ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿಯೂ ಆಗುತ್ತದೆ, ಆದರೆ ಅದರ ಟ್ಯಾಂಕಿನಲ್ಲಿ ನೀರು ನಿಂತಿರುತ್ತದೆ. ಮೊದಲ ನಾಲ್ಕು ಸೆಕೆಂಡಿನ ಗಾಳಿಯನ್ನು ನೆಲಕ್ಕೆ ಬಿಟ್ಟು, ಕಣ್ಣು ಪಕ್ಕಕ್ಕೆ ತಿರುಗಿಸಿಕೊಂಡು, ದೂರದಿಂದ ಬಿಡಿ.

ಕೀ ಹಾಕಿಟ್ಟು ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಬೀಗದ ಮುಖಕ್ಕೆ ಮೆಲ್ಲಗೆ ನಾಲ್ಕೈದು ಸಲ ತಟ್ಟುವುದೂ ಉಪಯೋಗಕ್ಕೆ ಬರುತ್ತದೆ. ಸಿಕ್ಕಿಕೊಂಡ ಬಿಲ್ಲೆ ಉದುರಿ ಕೆಳಗಿಳಿಯುತ್ತದೆ. ಬಾಗಿಲು ತಟ್ಟುವ ಹದ ಸಾಕು, ತೆಂಗಿನಕಾಯಿ ಒಡೆಯುವ ಹದ ಬೇಡ.

ಇನ್ನು ಎಣ್ಣೆ. ಈ ವಿಚಾರದಲ್ಲಿ ನಾನು ಹಠಮಾರಿ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ, ಎಂಜಿನ್ ಆಯಿಲ್, ಗ್ರೀಸ್ ಯಾವುದನ್ನೂ ಹಾಕಬೇಡಿ. ಹಾಕಿದ ದಿನ ಬೀಗ ಹಾಡುತ್ತದೆ. ಎರಡು ತಿಂಗಳಲ್ಲಿ ಆ ಎಣ್ಣೆಗೆ ನಮ್ಮ ಕಲ್ಲುಪುಡಿ ಕೂಡಿ, ಕಪ್ಪು ಚಟ್ನಿಯಾಗಿ ಬಿಲ್ಲೆಗಳನ್ನು ಅಂಟಿಸಿಬಿಡುತ್ತದೆ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಸ್ಪ್ರೇ ಕೊಳೆ ಕರಗಿಸಲು ಚೆನ್ನ. ನಡುರಸ್ತೆಯಲ್ಲಿ ಅದೊಂದೇ ಇದ್ದರೆ ಹೊಡೆಯಿರಿ. ಬೀಗದಲ್ಲಿ ಖಾಯಂ ಇರುವುದಕ್ಕೆ ಮಾತ್ರ ಒಣ ವಸ್ತುವೇ ಬೇಕು: ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗ್ರಾಫೈಟ್ ಪುಡಿ ಅಥವಾ ಒಣಗುವ ಟೆಫ್ಲಾನ್ ಸ್ಪ್ರೇ. ಎರಡರಲ್ಲಿ ಒಂದು. ಮೊದಲೇ ಎಣ್ಣೆ ಇರುವ ಬೀಗಕ್ಕೆ ಗ್ರಾಫೈಟ್ ಹಾಕಿದರೆ ಅದೂ ಚಟ್ನಿಯೇ.

ಗ್ರಾಫೈಟ್ ಚಿಟಿಕೆಗಿಂತ ಕಡಿಮೆ ಸಾಕು. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಸಿಲಿಂಡರಿನ ಹಿಂದೆಯೇ ಇಗ್ನಿಷನ್ ಸ್ವಿಚ್ ಇದೆ, ಡಬ್ಬಿ ಬಗ್ಗಿಸಬೇಡಿ. ಪುಡಿ ಬಿಟ್ಟು, ಕೀಯನ್ನು ತಿರುಗಿಸದೆ ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ. ಪ್ರತಿ ಸಲ ಬಟ್ಟೆಯಲ್ಲಿ ಒರೆಸಿ. ಆಮೇಲೆ ತಿರುಗಿಸಿ ನೋಡಿ. ಪುಡಿ ಇಲ್ಲದಿದ್ದರೆ ಮಕ್ಕಳ ಡ್ರಾಯಿಂಗ್ ಪೆನ್ಸಿಲ್, 6ಬಿ ಇದ್ದರೆ ಉತ್ತಮ, ಕೀಯ ಎರಡೂ ಮೈಗೆ, ಹಲ್ಲಿಗೆ ಚೆನ್ನಾಗಿ ಉಜ್ಜಿ ಹಾಕಿ. ಮೆತ್ತನೆ ಪೆನ್ಸಿಲಿನಲ್ಲಿ ಗ್ರಾಫೈಟ್ ಜಾಸ್ತಿ, ಜೇಡಿಮಣ್ಣು ಕಮ್ಮಿ.

ಹೊರದೇಶದ ವಿಡಿಯೋಗಳಲ್ಲಿ ಲೈಟರಿನಿಂದ ಕೀ ಕಾಯಿಸಿ ಹಾಕುವುದನ್ನು ತೋರಿಸುತ್ತಾರೆ. ಅದು ಬೀಗದೊಳಗೆ ನೀರು ಮಂಜುಗಡ್ಡೆಯಾಗುವ ಊರುಗಳಿಗೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಡಿಸೆಂಬರ್ ಚಳಿಯಲ್ಲಿ ನಮ್ಮ ಹಲ್ಲು ಕಟಕಟ ಎನ್ನಬಹುದು, ಬೀಗ ಹೆಪ್ಪುಗಟ್ಟುವುದಿಲ್ಲ. ಕೀ ಕಾಯಿಸಿದರೆ ತಲೆಯೊಳಗಿನ ಚಿಪ್ ಸುಟ್ಟೀತು, ಅಷ್ಟೇ.

ಆಟೋಮ್ಯಾಟಿಕ್ ಮತ್ತು ಬಟನ್ ಕಾರು

ಆಟೋಮ್ಯಾಟಿಕ್ ಕಾರಿನಲ್ಲಿ ಗೇರ್ ಲಿವರ್ ಪಿ (ಪಾರ್ಕ್) ಜಾಗದಲ್ಲಿ ಪೂರ್ತಿ ಕೂತಿಲ್ಲದಿದ್ದರೆ ಕೀ ಲಾಕ್ ತನಕ ಹಿಂದಿರುಗುವುದಿಲ್ಲ, ಹೊರಗೂ ಬರುವುದಿಲ್ಲ. ಬ್ರೇಕ್ ಒತ್ತಿ ಲಿವರನ್ನು ಒಮ್ಮೆ ಎನ್‌ಗೆ ತಂದು ಮತ್ತೆ ಪಿಗೆ ಗಟ್ಟಿಯಾಗಿ ನೂಕಿ. ಮ್ಯಾನ್ಯುಯಲ್ ಕಾರುಗಳಲ್ಲೂ ಹಲವದರಲ್ಲಿ ಎಸಿಸಿಯಿಂದ (ಎಂಜಿನ್ ಇಲ್ಲದೆ ರೇಡಿಯೋದಂಥವು ಮಾತ್ರ ಓಡುವ ಜಾಗ) ಲಾಕ್‌ಗೆ ಬರಲು ಕೀಯನ್ನು ಒಳಕ್ಕೆ ಒತ್ತಿ ತಿರುಗಿಸಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಮೊದಲ ದಿನ ಇದರಲ್ಲೇ ಸಿಕ್ಕಿಬೀಳುವುದು.

ಬಟನ್ ಕಾರಿನಲ್ಲಿ ಕೀ ತಿರುಗಿಸುವ ಮಾತೇ ಇಲ್ಲವಾದರೂ, ಮೋಟರಿನಿಂದ ಆಡುವ ಸ್ಟೇರಿಂಗ್ ಲಾಕ್ ಇರುವ ಕಾರುಗಳಲ್ಲಿ ಅದೇ ಒತ್ತಡದಿಂದ ಲಾಕ್ ಸಿಕ್ಕಿಕೊಳ್ಳುತ್ತದೆ. ಸ್ಟೇರಿಂಗ್ ತೂಗುತ್ತಾ ಬಟನ್ ಒತ್ತಿ. ರಿಮೋಟಿನ ಸೆಲ್ ಸತ್ತಿದ್ದರೆ ರಿಮೋಟನ್ನೇ ಬಟನ್ನಿಗೆ ತಾಗಿಸಿ ಒತ್ತಿದರೆ ಬಹಳ ಕಾರುಗಳು ಸ್ಟಾರ್ಟ್ ಆಗುತ್ತವೆ.

ಕೀ ಒಳಗೇ ಮುರಿದರೆ

ನನ್ನ ಅನುಭವ ಇರುವ ವಿಭಾಗ. ಉಳಿದ ತುಂಡನ್ನು ಒಳಗೆ ಹಾಕಿ ತಿರುಗಿಸಲು ಹೋಗಬೇಡಿ, ಮುರಿದದ್ದು ಇನ್ನೂ ಆಳಕ್ಕೆ ಹೋಗುತ್ತದೆ. ಫೆವಿಕ್ವಿಕ್ ಹಚ್ಚಿ ಅಂಟಿಸಿ ಎಳೆಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೈ ಮುಗಿಯಿರಿ. ಅಂಟು ಬಿಲ್ಲೆಗೆ ತಗುಲಿದರೆ ಸಿಲಿಂಡರನ್ನೇ ಬದಲಿಸಬೇಕು.

ಬೀಗದ ಸೀಳು ಲಾಕ್ ಜಾಗದಲ್ಲಿ ಇದೆಯೇ ನೋಡಿ. ಅಲ್ಲಿದ್ದರೆ ಮಾತ್ರ ತುಂಡು ಹೊರಬರುತ್ತದೆ. ಕೊಂಚ ತಿರುಗಿ ನಿಂತಿದ್ದರೆ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಹಿಂದಕ್ಕೆ ತನ್ನಿ. ತುದಿ ಹೊರಗೆ ಕಾಣುತ್ತಿದ್ದರೆ ಚೂಪು ಮೂತಿಯ ಇಕ್ಕಳ, ಕಾಣದಿದ್ದರೆ ಸಣ್ಣ ಹಲ್ಲಿನ ತೆಳು ಗರಗಸದ ಬ್ಲೇಡ್: ಹಲ್ಲು ಹೊರಮುಖವಾಗಿರುವಂತೆ ಕೀಯ ಪಕ್ಕದಲ್ಲಿ ಜಾರಿಸಿ, ಕಚ್ಚಿಸಿ, ಎಳೆಯುವುದು. ಐದು ನಿಮಿಷದಲ್ಲಿ ಆಗದಿದ್ದರೆ ಬಿಟ್ಟುಬಿಡಿ. ಎರಡೂ ತುಂಡನ್ನು ಜೋಪಾನ ಮಾಡಿ. ಕೂಡಿಸಿಟ್ಟರೆ ಕೀ ಮಾಡುವವರಿಗೆ ಅಳತೆ ಸಿಗುತ್ತದೆ, ಮುರಿದ ತಲೆಯಲ್ಲಿ ಚಿಪ್ ಇರುತ್ತದೆ.

ಗೊಂಚಲಿನ ತೂಕ, ಬೆಟ್ಟದ ಇಳಿಜಾರು

ಕಾರಿನ ಕೀ ಜೊತೆ ಮನೆ, ಅಂಗಡಿ, ತೋಟದ ಪಂಪ್‌ಸೆಟ್, ಗೋಡೌನ್ ಕೀ ಎಲ್ಲ ಸೇರಿಸಿ ಕಾಲು ಕೆಜಿ ತೂಗಿಸುವವರು ಒಂದು ಸಂಗತಿ ತಿಳಿದಿರಲಿ. ಹಳ್ಳದ ರಸ್ತೆಯಲ್ಲಿ ಆ ಗೊಂಚಲು ಕುಣಿದಾಗಲೆಲ್ಲ ಸಿಲಿಂಡರನ್ನು ಸವೆಸುತ್ತದೆ. ಅಮೆರಿಕದ ಜನರಲ್ ಮೋಟರ್ಸ್ 2014ರಲ್ಲಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ವಾಪಸ್ ಕರೆಸಿದ್ದು ಇಗ್ನಿಷನ್ ಸ್ವಿಚ್ಚಿಗಾಗಿಯೇ. ಆ ಸ್ವಿಚ್ಚಿನ ಹಿಡಿತ ಸಡಿಲವಾಗಿದ್ದು, ಗೊಂಚಲಿನ ತೂಕಕ್ಕೋ ಕುಲುಕಾಟಕ್ಕೋ ಕಾರು ಓಡುತ್ತಿರುವಾಗಲೇ ಕೀ ಹಿಂದೆ ಜಾರಿ, ಎಂಜಿನ್ ನಿಂತು, ಏರ್‌ಬ್ಯಾಗ್ ತೆರೆಯದೆ ಹೋಗುತ್ತಿತ್ತು. 124 ಸಾವುಗಳಿಗೆ ಅದರ ಪರಿಹಾರ ನಿಧಿ ಹಣ ಕೊಟ್ಟಿತು. ಕಾರಿನ ಕೀ ಒಂಟಿಯಾಗಿರಲಿ.

ಇನ್ನೊಂದು ನಮ್ಮೂರಿನದೇ ಚಟ: ಪೆಟ್ರೋಲ್ ಉಳಿಯುತ್ತದೆಂದು ನಂದಿಬೆಟ್ಟದಿಂದ ನ್ಯೂಟ್ರಲ್ ಮಾಡಿ, ಕೀ ಆಫ್ ಮಾಡಿ ಇಳಿಯುವುದು. ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಹೋಯಿತು. ಬ್ರೇಕಿಗೆ ಎಂಜಿನ್ ಕೊಡುವ ಸಹಾಯವೂ ಒಂದೆರಡು ಒತ್ತಿಗೆ ಮುಗಿಯಿತು. ಕೈತಪ್ಪಿ ಕೀ ಲಾಕ್‌ಗೆ ಬಂದು ಹೊರಬಂದರೆ ಇಷ್ಟು ಹೊತ್ತು ಹೇಳಿದ ಆ ಉಕ್ಕಿನ ಗೂಟ ತಿರುವಿನ ನಡುವೆ ಸ್ಟೇರಿಂಗನ್ನು ಹಿಡಿಯುತ್ತದೆ. ಎರಡನೇ ಗೇರಿನಲ್ಲಿ, ಎಂಜಿನ್ ಓಡುತ್ತಿರುವಂತೆಯೇ ಇಳಿಯಿರಿ.

ಗ್ಯಾರೇಜಿಗೆ ಒಪ್ಪಿಸುವಾಗ

ಎರಡನೇ ಕೀ ಕೂಡ ತಿರುಗದೆ, ಗ್ರಾಫೈಟಿಗೂ ಬಗ್ಗದೆ ಇದ್ದರೆ ಸಿಲಿಂಡರ್ ಬಿಚ್ಚಬೇಕು. ಇದನ್ನು ಮನೆಯಲ್ಲಿ ಮಾಡಬೇಡಿ. ಬೀಗದ ಮನೆಯನ್ನು ಕೂರಿಸಿರುವ ಬೋಲ್ಟುಗಳ ತಲೆಯನ್ನು ಕಳ್ಳರಿಗೆ ಸಿಗಬಾರದೆಂದು ಕಂಪನಿಯಲ್ಲೇ ಮುರಿದಿರುತ್ತಾರೆ, ಸ್ಪ್ಯಾನರ್ ಹಾಕಲು ಜಾಗವೇ ಇರುವುದಿಲ್ಲ. ಏರ್‌ಬ್ಯಾಗಿನ ವೈರು ಅಲ್ಲೇ ಹಾದಿರುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲ ನಿಮಿಷ ಕಾದು ಕೆಲಸ ಶುರುಮಾಡುವ ಮೆಕ್ಯಾನಿಕ್ ಸಿಕ್ಕರೆ ಆತನನ್ನು ಬಿಡಬೇಡಿ.

ಕಾರು ಸಾಗಿಸಲು ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್ ಸೈಡ್ ಅಸಿಸ್ಟೆನ್ಸ್ ಸೇರಿದೆಯೇ ನೋಡಿ, ಎಷ್ಟೋ ಜನ ದುಡ್ಡು ಕಟ್ಟಿ ಮರೆತಿರುತ್ತಾರೆ. ಫೋನಿನಲ್ಲಿ "ಸ್ಟೇರಿಂಗ್ ಲಾಕ್ ಆಗಿದೆ, ಹೊತ್ತೊಯ್ಯುವ ಗಾಡಿ ಬೇಕು" ಎಂದು ಮೊದಲೇ ಹೇಳಿ. ಹಗ್ಗ ಕಟ್ಟಿ ಎಳೆಯುವ ಗಾಡಿ ಬಂದರೆ ಪ್ರಯೋಜನವಿಲ್ಲ.

ಗ್ಯಾರೇಜಿನವರು "ಲಾಕ್ ಸೆಟ್ ಪೂರ್ತಿ ಬದಲಿಸೋಣ" ಎನ್ನಬಹುದು. ಇಗ್ನಿಷನ್, ಬಾಗಿಲು, ಡಿಕ್ಕಿ ಎಲ್ಲಕ್ಕೂ ಒಂದೇ ಕೀ ಇರಲಿ ಎಂಬುದು ಅದರ ಉದ್ದೇಶ, ತಪ್ಪೇನಲ್ಲ. ಒಪ್ಪುವ ಮುಂಚೆ ಒಂದು ಪ್ರಶ್ನೆ ಕೇಳಿ: ಬಿಲ್ಲೆ ಮಾತ್ರ ಬದಲಿಸಿ, ಇರುವ ಕೀಗೆ ಹೊಂದಿಸಲು ಆಗುತ್ತದೆಯೇ? ಪಳಗಿದ ಕೀ ಕೆಲಸಗಾರರು ಸಿಲಿಂಡರ್ ಕೈಗೆ ಕೊಟ್ಟರೆ ಇದನ್ನು ಮಾಡಿಕೊಡುತ್ತಾರೆ. ನನ್ನದನ್ನು ಹಾಗೆಯೇ ಮಾಡಿಸಿದೆ. ಸವೆದಿದ್ದ ಬಿಲ್ಲೆಗಳನ್ನು ಅವರು ಒಂದು ಪೇಪರಿನ ಮೇಲೆ ಸಾಲಾಗಿ ಜೋಡಿಸಿ ತೋರಿಸಿದಾಗಲೇ ಮೇಲೆ ಬರೆದದ್ದೆಲ್ಲ ನನಗೆ ಅರ್ಥವಾದದ್ದು.

ಕಾರು ವಾಪಸು ತೆಗೆದುಕೊಳ್ಳುವಾಗ ಅಲ್ಲೇ ನಿಂತು ಪರೀಕ್ಷಿಸಿ. ಇರುವ ಎಲ್ಲ ಕೀಗಳಲ್ಲೂ ಸ್ಟಾರ್ಟ್ ಮಾಡಿ ಒಂದು ನಿಮಿಷ ಓಡಲು ಬಿಡಿ. ಸ್ಟಾರ್ಟ್‌ನಿಂದ ಕೈ ಬಿಟ್ಟಾಗ ಕೀ ತಾನಾಗಿ ಆನ್‌ಗೆ ಮರಳಬೇಕು, ಮರಳದಿದ್ದರೆ ಸ್ಟಾರ್ಟರ್ ಮೋಟರ್ ಸುಡುತ್ತದೆ. ಕೀ ತೆಗೆದು ಸ್ಟೇರಿಂಗ್ ತಿರುಗಿಸಿ, ಲಾಕ್ ಬೀಳಬೇಕು. ಮತ್ತೆ ಕೀ ಹಾಕಿ, ಬಿಡಬೇಕು. ಹೀಗೆ ಎಡಕ್ಕೂ ಬಲಕ್ಕೂ ಎರಡೆರಡು ಸಲ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.